ಮೂವತ್ತೊಂದು ಹೆಬ್ಬೆಟ್ಟು, ಒಂದು ಸಹಿ

ಇಂಗ್ಲೆಂಡ್
೪ ಮಾರ್ಚ್ ೨೦೦೭

ಪ್ರೀತಿಯ ಪವಿತ್ರಾ,

ನೀನು ಬೈಯುವ ಮೊದಲೇ ಒಪ್ಪಿಕೊಳ್ಳುತ್ತೇನೆ. ಇಲ್ಲಿಗೆ ಬಂದು ಐದು ತಿಂಗಳಾಯಿತು, ಇದು ಎರಡನೆಯ ಕಾಗದ, ಇದರಲ್ಲೂ ನಿನಗೊಂದು ಕೆಲಸ ಹೇಳಲಿಕ್ಕಿದೆ. ಇ-ಮೇಲ್ ಮಾಡೋಣವೆಂದರೆ ಒಂದು ಗುಡುಗಿಗೆ ನಿಮ್ಮ ಅಂಗಡಿಯ ಫೋನ್ ಲೈನ್ ಹೋಗಿಬಿಡುತ್ತದೆ ಎಂದು ನೀನೇ ಹೇಳಿದ್ದೆ.

ನಮ್ಮ ಎಲ್‌ಎಲ್‌ಎಂ ತರಗತಿಯಲ್ಲಿ ಇಪ್ಪತ್ತಾರು ಮಂದಿ, ಹದಿನೆಂಟು ದೇಶ. ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನು ಓದಲು ಬಂದವರಲ್ಲಿ ಹೆಚ್ಚಿನವರಿಗೆ ಹೇಳಿಕೊಳ್ಳಲು ಏನೋ ಇದೆ. ನನ್ನ ಪಕ್ಕ ಕೂರುವ ಕೊಲಂಬಿಯಾದವಳ ಅಣ್ಣ ಆರು ವರ್ಷದಿಂದ ಕಾಣೆ. ಹಿಂದಿನ ಸಾಲಿನ ಸುಡಾನಿನವರು ನ್ಯಾಯಾಧೀಶರಾಗಿದ್ದವರು, ಒಂದು ತೀರ್ಪು ಬರೆದ ತಪ್ಪಿಗೆ ದೇಶ ಬಿಟ್ಟಿದ್ದಾರೆ. ಮೊದಲ ಸೆಮಿನಾರಿನಲ್ಲಿ ನನ್ನ ಸರದಿ ಬಂದಾಗ ನಾಚಿಕೆಯಾಯಿತು ಮಾರಾಯ್ತಿ. ನನ್ನದೇನಿದೆ, ಬಾಳೆಹೊನ್ನೂರಿನಲ್ಲಿ ಅಪ್ಪನ ಕಾಫಿ ಮಂಡಿ. ಬಾಯಿಗೆ ಬಂದದ್ದು ನಿಮ್ಮ ಹೊರಣಿಬೈಲು. ಕೆರೆಕಟ್ಟೆಯಿಂದ ಆಚೆ ಕಾಡಂಚಿನಲ್ಲಿ ಮೂವತ್ತೊಂದು ಮನೆ, ಮೂರು ತಲೆಮಾರಿನಿಂದ ಇದ್ದಾರೆ, ಈಗ ಕಾಡು ಉಳಿಸುವ ಹೆಸರಿನಲ್ಲಿ ಅವರನ್ನು ಎಬ್ಬಿಸುವ ಮಾತು ನಡೆದಿದೆ ಎಂದೆ. ಪ್ರೊಫೆಸರ್ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಕೇಳಿದರು.

ಹಾಗಾಗಿ ಅದೇ ನನ್ನ ಪ್ರಬಂಧದ ವಿಷಯ. ಜನರನ್ನು ಅವರ ನೆಲದಿಂದ ಎಬ್ಬಿಸಬೇಕಾದರೆ ಒತ್ತಾಯವಿಲ್ಲದೆ, ಮುಂಚಿತವಾಗಿ, ಎಲ್ಲವನ್ನೂ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕೆಂಬ ತತ್ವ. ಮೇ ತಿಂಗಳಲ್ಲಿ ಬಂದು ಮನೆಮನೆಗೆ ಹೋಗಿ ಮಾತಾಡುತ್ತೇನೆ. ಆದರೆ ಯಾರನ್ನು ಮಾತಾಡಿಸಿದರೂ ಅವರಿಂದ ಮೊದಲು ಒಂದು ಒಪ್ಪಿಗೆ ಫಾರಂಗೆ ಸಹಿ ಮಾಡಿಸಬೇಕು, ಇದು ವಿಶ್ವವಿದ್ಯಾಲಯದ ಕಟ್ಟಪ್ಪಣೆ. ಇಂಗ್ಲಿಷ್ ಫಾರಂ ಇದರ ಜೊತೆಗಿದೆ. ಕನ್ನಡ ಮಾಡಿ ಟೈಪ್ ಮಾಡಿ ಇಡುತ್ತೀಯಾ? ಕಾನೂನಿನ ಮಾತನ್ನು ನಿನ್ನಷ್ಟು ಸರಳವಾಗಿ ಬರೆಯಲು ನನಗೆ ಬರುವುದಿಲ್ಲ.

ನಿನ್ನ ಗೆಳತಿ,
ಸುಮನಾ


ಶೃಂಗೇರಿ
೨೪ ಮಾರ್ಚ್ ೨೦೦೭

ಸುಮನಾ,

ಶಿವಮೊಗ್ಗದ ಲಾ ಕಾಲೇಜಿನಲ್ಲಿ ನೋಟ್ಸು ನನ್ನದು, ಫಸ್ಟ್ ಕ್ಲಾಸು ನಿನ್ನದು. ಅಮ್ಮ ಹಳ್ಳದ ಕಾಲುಸಂಕದಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ನಾನು ಓದು ಬಿಟ್ಟು ಬಂದೆ. ನೀನು ಸಮುದ್ರ ದಾಟಿದೆ. ಆದರೂ ನೋಟ್ಸು ಬರೆಯುವ ಕೆಲಸ ನನಗೇ ಉಳಿದಿದೆ. ಇರಲಿ, ತಮಾಷೆಗೆ ಹೇಳಿದೆ. ಅರ್ಧ ತಮಾಷೆಗೆ.

ಫಾರಂ ಆಯಿತು. ರೇಣುಕಪ್ಪನವರ ಟೈಪಿಂಗ್ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಜಾತಿ ಸರ್ಟಿಫಿಕೇಟು, ಪಹಣಿ ತಿದ್ದುಪಡಿ ಅರ್ಜಿ ಎಂದು ಕುಟ್ಟುವ ನನಗೆ ಇದು ಹಬ್ಬದೂಟ. 'ಈ ಕಾಗದವನ್ನು ನನಗೆ ಓದಿ ಹೇಳಿದ್ದಾರೆ. ನನಗೆ ಅರ್ಥವಾಗಿದೆ. ಯಾರ ಒತ್ತಾಯವೂ ಇಲ್ಲ.' ಇದು ಮೊದಲ ಎರಡು ಪ್ಯಾರಾಗಳ ಸಾರ. ಮೂರನೆಯದು, 'ಯಾವಾಗ ಬೇಕಾದರೂ, ಕಾರಣ ಹೇಳದೆ, ನನ್ನ ಒಪ್ಪಿಗೆಯನ್ನು ವಾಪಸು ಪಡೆಯಬಹುದು.' ಇದನ್ನು ಟೈಪ್ ಮಾಡುವಾಗ ನಿಜಕ್ಕೂ ಖುಷಿಯಾಯಿತು. ಇಂಥ ಸಾಲಿರುವ ಕಾಗದ ಈ ಅಂಗಡಿಯಿಂದ ಇದುವರೆಗೆ ಹೊರಗೆ ಹೋಗಿಲ್ಲ. ಓದು ಬರದವರಿಗೆಂದು ಕೆಳಗೆ ಹೆಬ್ಬೆಟ್ಟಿಗೆ ದೊಡ್ಡದೊಂದು ಚೌಕ ಮಾಡಿ, ಸುತ್ತ ಚುಕ್ಕೆಗೆರೆ ಹಾಕಿದ್ದೇನೆ.

ಆದರೆ ಮೊದಲೇ ಹೇಳಿಬಿಡುತ್ತೇನೆ, ಹೊರಣಿಬೈಲಿನವರು ಕಾಗದಕ್ಕೆ ಹೆಬ್ಬೆಟ್ಟು ಕೊಡುವುದಿಲ್ಲ. ನಾನು ಮೂರು ವರ್ಷದವಳಿದ್ದಾಗ ಯಾರೋ ಬಂದು, ಓಟಿನ ಪಟ್ಟಿಗೆ ಎಂದು ಹೇಳಿ ಒತ್ತಿಸಿಕೊಂಡು ಹೋದರು. ಮರುವರ್ಷ ಹೊಳೆಬದಿಯ ಗದ್ದೆಗೆ ಬೇರೆಯವರ ಬೇಲಿ ಬಂತು. ಅಂದಿನಿಂದ ಫೈಲು ಹಿಡಿದವರು ಕಂಡರೆ ಊರಿಗೆ ಊರೇ ಗುಡ್ಡ ಹತ್ತುತ್ತದೆ. ನಮ್ಮಪ್ಪ ಮಂಜಯ್ಯನೇ ಮುಂದಾಳು. ರೇಷನ್ ಕಾರ್ಡಿಗೆ ಅವನ ಹೆಬ್ಬೆಟ್ಟು ಹಾಕಿಸಲು ನನಗೇ ಎರಡು ವರ್ಷ ಬೇಕಾಯಿತು. ನಿನ್ನ ಡಿಗ್ರಿ ಅಂಥವರ ಕೈಯಲ್ಲಿದೆ, ನೋಡು.

ಇಂತಿ,
ಪವಿತ್ರಾ


ಇಂಗ್ಲೆಂಡ್
೧೦ ಜೂನ್ ೨೦೦೭

ನನ್ನ ಪವಿ,

ಮೂವತ್ತೊಂದಕ್ಕೆ ಮೂವತ್ತೊಂದು! ಪ್ರೊಫೆಸರ್ ಮೇಜಿನ ಮೇಲೆ ಫಾರಂಗಳನ್ನು ಹರಡಿಕೊಂಡು ಕೂತರೆ ಏಳಲೇ ಇಲ್ಲ. ನೀನು ಮಾಡಿದ ಚೌಕದಲ್ಲಿ ನೀಲಿ ಹೆಬ್ಬೆಟ್ಟುಗಳನ್ನು ನೋಡಿ, ಇಷ್ಟು ಅಚ್ಚುಕಟ್ಟಾದ ಕ್ಷೇತ್ರಕಾರ್ಯ ಈಚೆಗೆ ನೋಡಿಲ್ಲ ಎಂದರು. ಕ್ರೆಡಿಟ್ಟು ನಿನ್ನದು ಎಂದು ನಾನು ಹೇಳಿದೆ, ಸತ್ಯವಾಗಿ.

ಮೊದಲ ದಿನ ನನ್ನ ಬ್ಯಾಗು ನೋಡಿಯೇ ನಿಮ್ಮಪ್ಪ ಗುಡ್ಡ ಹತ್ತಿದ್ದು ನೆನಪಾದರೆ ಈಗಲೂ ನಗು. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ನಿಮ್ಮ ನೆರೆಮನೆಯ ಕರಿಯಕ್ಕ ನನ್ನನ್ನು ಒಳಗೆ ಕರೆದು ಅಕ್ಕಿ ರೊಟ್ಟಿ, ಹಲಸಿನಕಾಯಿ ಪಲ್ಯ ಬಡಿಸಿದರು. ಲಿಂಗ ಕಟ್ಟಿದ ಮನೆಯ ಹುಡುಗಿ ನಮ್ಮಲ್ಲಿ ಉಂಡಿತು ಎಂದು ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತಂತೆ. ಐದನೆಯ ದಿನ ಮಂಜಯ್ಯನವರೇ ಎಲ್ಲರನ್ನೂ ಕೂಡಿಸಿದರು. 'ಈ ಕಾಗದದಿಂದ ನಿಮ್ಮ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ, ಬೇಡವೆನಿಸಿದರೆ ಕಾರಣ ಹೇಳದೆ ವಾಪಸು ಕೇಳಿ' ಎಂದೆ. ಅವರು ಅದನ್ನು ಎರಡು ಸಲ ನನ್ನಿಂದ ಹೇಳಿಸಿ, ಆಮೇಲೆ ತಾವೇ ಮೊದಲು ಒತ್ತಿದರು. ಇಪ್ಪತ್ತೆರಡು ವರ್ಷದ ಭಯ ಬಿಟ್ಟುಹೋಗುವುದನ್ನು ನಾನು ಕಣ್ಣಾರೆ ಕಂಡೆ. ಇದನ್ನು ಪ್ರಬಂಧದ ಮುನ್ನುಡಿಯಲ್ಲಿ ಬರೆಯುತ್ತೇನೆ.

ಸೆಪ್ಟೆಂಬರ್ ಏಳಕ್ಕೆ ಸಲ್ಲಿಸಬೇಕು.

ಪ್ರೀತಿಯಿಂದ,
ಸುಮನಾ


ಶೃಂಗೇರಿ
೫ ಆಗಸ್ಟ್ ೨೦೦೭

ಸುಮನಾ,

ಕೂತು ಓದು.

ಜುಲೈ ಎರಡನೇ ವಾರ ಅಮ್ಮನ ಸೊಂಟ ತೋರಿಸಲು ಶಿವಮೊಗ್ಗಕ್ಕೆ ಹೋಗಿ ನಾಲ್ಕು ದಿನ ಉಳಿಯಬೇಕಾಯಿತು. ಆ ನಾಲ್ಕು ದಿನದಲ್ಲಿ ಸ್ಥಳಾಂತರ ಸಮಿತಿ ಎಂಬುದೊಂದರ ಜನ ಹೊರಣಿಬೈಲಿಗೆ ಬಂದಿದ್ದಾರೆ. ಕಾಗದದ ಮೊದಲ ನಾಲ್ಕು ಸಾಲು ಮಾತ್ರ ಓದಿದ್ದಾರೆ, ಹೆಬ್ಬೆಟ್ಟು ತೆಗೆದುಕೊಂಡಿದ್ದಾರೆ. ಒಬ್ಬರೂ ಗುಡ್ಡ ಹತ್ತಲಿಲ್ಲ. ಮೂವತ್ತೊಂದು ಮನೆಯವರೂ ಒತ್ತಿದ್ದಾರೆ. ಮೊನ್ನೆ ನೋಟಿಸು ಬಂತು. ತಾವೇ ಇಷ್ಟಪಟ್ಟು ಒಪ್ಪಿರುವುದರಿಂದ ಡಿಸೆಂಬರ್ ಕೊನೆಯೊಳಗೆ ಮನೆ ಖಾಲಿ ಮಾಡಿ, ನರಸಿಂಹರಾಜಪುರದ ಆಚೆ ಗುರುತು ಮಾಡಿದ ಬಯಲಿಗೆ ಹೋಗತಕ್ಕದ್ದು.

ಒತ್ತಿದ ಕಾಗದದ ಪ್ರತಿಯೊಂದು ಅಪ್ಪನ ಹತ್ತಿರ ಇತ್ತು. ನೋಡಿದ ಕೂಡಲೇ ಗುರುತು ಸಿಕ್ಕಿತು. ಮೊದಲ ಎರಡು ಪ್ಯಾರಾ ನಾನು ಬರೆದದ್ದು. ಕೆಳಗಿನ ಚೌಕ, ಚುಕ್ಕೆಗೆರೆ ನಾನು ಹಾಕಿದ್ದು. ಕಾರಣ ಹೇಳದೆ ವಾಪಸು ಪಡೆಯಬಹುದು ಎಂದಿದ್ದ ಜಾಗದಲ್ಲಿ ಮಾತ್ರ ಮನೆ ಬಿಟ್ಟುಕೊಡುವ ಮಾತಿತ್ತು.

ರೇಣುಕಪ್ಪನವರನ್ನು ಕೇಳಿದೆ. ಅವರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. "ಸಮಿತಿಯವ್ರು ಬಂದು ಒಪ್ಪಿಗೆ ಪತ್ರ ಅರ್ಜೆಂಟ್ ಬೇಕು ಅಂದ್ರು. ಕಂಪ್ಯೂಟರಲ್ಲಿ ಫಾರ್ಮ್ಯಾಟ್ ಇತ್ತಲ, ಒಂದು ಪ್ಯಾರಾ ಬದಲ್ಸಿ ಕೊಟ್ಟೆ. ಎಂತ ಆಯ್ತೀಗ?" ಬಾಡಿಗೆ ಕರಾರಿನಿಂದ ಪಾಲುಪತ್ರದವರೆಗೆ ನಾವು ಮಾಡುವುದೇ ಹಾಗೆ. ಹಳೆಯದನ್ನು ತೆಗೆದು ಹೆಸರು ಬದಲಿಸುವುದು. ಆ ಫೈಲನ್ನು ಅಳಿಸದೆ ಬಿಟ್ಟವಳು ನಾನು. ನನ್ನ ಪಾಲಿನ ತಪ್ಪು ನನಗೆ ಗೊತ್ತಿದೆ.

ಅಪ್ಪ ಹೇಳಿದ, "ಸುಮನಮ್ಮನ ಕಾಗ್ದ ಅಲ್ದಾ ಅದು? ಅದೇ ಚೌಕ. ಇನ್ನೊಂದ್ ಸಲ ಬೇಕಂತೆ ಅಂದ್ಕಂಡು ಒತ್ತಿದ್ವಿ." ನೋಟಿಸು ಬಂದ ಮರುದಿನ ಏಳು ಜನರನ್ನು ಕಟ್ಟಿಕೊಂಡು ಸಮಿತಿಯ ಕಚೇರಿಗೆ ಹೋದ. "ಕಾರಣ ಹೇಳೂದಿಲ್ಲ, ನಮ್ಮ ಕಾಗ್ದ ವಾಪಸ್ ಕೊಡಿ" ಎಂದನಂತೆ. ಅಲ್ಲಿದ್ದವರು ನಕ್ಕರಂತೆ. ಇವನು, ಅವರಿಗೆ ಕಿವಿ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹೇಳಿದನಂತೆ.

ಆ ಹೆದರಿಕೆಯೇ ಇಪ್ಪತ್ತೆರಡು ವರ್ಷ ಅವರನ್ನು ಕಾಯ್ದಿತ್ತು ಕಣೇ. ನೀನು ಐದು ದಿನದಲ್ಲಿ ಬಿಡಿಸಿದೆ.

ಪವಿತ್ರಾ


ಇಂಗ್ಲೆಂಡ್
೧೯ ಆಗಸ್ಟ್ ೨೦೦೭

ಪವಿತ್ರಾ,

ಓದಿ ಅಳು ಬಂತು. ಎರಡು ದಿನ ಲೈಬ್ರರಿಗೆ ಹೋಗಲಿಲ್ಲ.

ಆಮೇಲೆ ಕೂತು ಯೋಚಿಸಿದೆ. ಇದು ಒಪ್ಪಿಗೆಯೇ ಅಲ್ಲ. ತಿಳಿಯದೆ ಕೊಟ್ಟದ್ದು ಒಪ್ಪಿಗೆಯಾಗದು, ಯಾವ ದೇಶದ ಕಾನೂನು ತೆಗೆದುಕೊಂಡರೂ. ಒತ್ತಾಯದ ತೆರವಿನ ಬಗ್ಗೆ ವಿಶ್ವಸಂಸ್ಥೆಯ ಸಮಿತಿಗಳು ಏನು ಹೇಳಿವೆ ಎಂದು ನಾಲ್ಕು ಪುಟ ಟಿಪ್ಪಣಿ ಮಾಡಿ ಇದರ ಜೊತೆಗೆ ಇಟ್ಟಿದ್ದೇನೆ. ಆದರೆ ಹೊರಗಿನ ವೇದಿಕೆಗೆ ಹೋಗುವ ಮೊದಲು ದೇಶದೊಳಗಿನ ದಾರಿಗಳೆಲ್ಲ ಮುಗಿದಿರಬೇಕು. ಆದ್ದರಿಂದ ನೀವು ಮೊದಲು ಅಲ್ಲಿಯೇ ಆಕ್ಷೇಪಣೆ ಸಲ್ಲಿಸಿ.

ಪ್ರೊಫೆಸರಿಗೂ ಹೇಳಿದೆ. ಕಾಗದದ ಮೇಲಿನ ಒಪ್ಪಿಗೆ ಎಷ್ಟು ಪೊಳ್ಳು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಸಿಗದು, ನಾಲ್ಕನೆಯ ಅಧ್ಯಾಯವನ್ನು ಇದರ ಸುತ್ತಲೇ ಕಟ್ಟು ಎಂದರು. ಹಗಲೂ ರಾತ್ರಿ ಅದನ್ನೇ ಬರೆಯುತ್ತಿದ್ದೇನೆ. ನಿಮ್ಮ ದನಿ ಜಗತ್ತಿಗೆ ಕೇಳಲಿ ಎಂಬುದೊಂದೇ ಆಸೆ.

ಧೈರ್ಯವಾಗಿರು.
ಸುಮನಾ


ಶೃಂಗೇರಿ
೨ ಸೆಪ್ಟೆಂಬರ್ ೨೦೦೭

ಸುಮನಾ,

ಜಗತ್ತಿಗೆ ಆಮೇಲೆ ಕೇಳಲಿ. ಶೃಂಗೇರಿಗೆ ಕೇಳಿದರೆ ಈಗ ಸಾಕು.

ಆಕ್ಷೇಪಣೆ ಹಾಕಿದೆವು, ನಿನ್ನನ್ನು ಕೇಳದೆ ಅದರಲ್ಲಿ ನಿನ್ನ ಹೆಸರು ಬರೆದಿಲ್ಲ. ಅಕ್ಟೋಬರ್ ಹದಿನೇಳಕ್ಕೆ ತಾಲೂಕು ಕಚೇರಿಯ ಅಧಿಕಾರಿ ವಿಚಾರಣೆ ಇಟ್ಟಿದ್ದಾರೆ. ಬರೆದುಕೊಟ್ಟ ವಕೀಲರು ಹೇಳಿದ್ದು ಇಷ್ಟು. ಬೇರೆ ಕಾಗದವೆಂದು ತಿಳಿದು ಒತ್ತಿದೆವು ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಆ ಬೇರೆ ಕಾಗದ ಎಲ್ಲಿ, ತಂದವರು ಯಾರು, ಇದನ್ನು ತೋರಿಸಬೇಕು. ನನ್ನ ಹತ್ತಿರ ಇರುವುದು ಖಾಲಿ ಫಾರಂ. ಅದನ್ನು ಯಾರು ಬೇಕಾದರೂ ನಿನ್ನೆ ರಾತ್ರಿ ಟೈಪ್ ಮಾಡಿರಬಹುದು. ಒತ್ತಿದ ಮೂವತ್ತೊಂದೂ ನಿನ್ನ ಹತ್ತಿರ ಇವೆ.

ಹಾಗಾಗಿ ಎರಡು ವಸ್ತು ಕಳಿಸು. ಆ ಫಾರಂಗಳ ಜೆರಾಕ್ಸ್ ಮತ್ತು ನಿನ್ನ ಸಹಿ ಇರುವ ಒಂದು ಅಫಿಡವಿಟ್ಟು. ಮೇ ತಿಂಗಳಲ್ಲಿ ನಾನು ಹೊರಣಿಬೈಲಿಗೆ ಹೋಗಿದ್ದೆ, ಇದೇ ನಮೂನೆಯ ಕಾಗದಕ್ಕೆ ಹೆಬ್ಬೆಟ್ಟು ಪಡೆದೆ, ಇದರಿಂದ ನಿಮಗೇನೂ ಆಗದು ಎಂದು ನಾನೇ ಅವರಿಗೆ ಹೇಳಿದೆ. ಮೂರು ವಾಕ್ಯ. ಅಲ್ಲಿಯ ನೋಟರಿ ಒಬ್ಬರ ಮುಂದೆ ಸಹಿ ಮಾಡಿ ರಿಜಿಸ್ಟರ್ ಪೋಸ್ಟಿನಲ್ಲಿ ಹಾಕು. ನಾನು ನಿನ್ನನ್ನು ಇದುವರೆಗೆ ಏನನ್ನೂ ಕೇಳಿದವಳಲ್ಲ.

ಪವಿತ್ರಾ


ಇಂಗ್ಲೆಂಡ್
೨೧ ಸೆಪ್ಟೆಂಬರ್ ೨೦೦೭

ಪ್ರೀತಿಯ ಪವಿತ್ರಾ,

ತಡವಾಯಿತು, ಕ್ಷಮಿಸು. ಏಳನೇ ತಾರೀಕು ಪ್ರಬಂಧ ಸಲ್ಲಿಸಿದೆ.

ಫಾರಂಗಳ ಬಗ್ಗೆ. ಹೆಸರು, ಹೆಬ್ಬೆಟ್ಟು ಇರುವ ಕಾಗದವನ್ನು ವಿಶ್ವವಿದ್ಯಾಲಯದ ಹೊರಗೆ ಯಾರಿಗೂ ಕೊಡುವಂತಿಲ್ಲ. ಅವರ ಗುರುತು ಕಾಪಾಡುತ್ತೇನೆಂದು ನಾನು ಬರೆದುಕೊಟ್ಟಿದ್ದೇನೆ. ಪ್ರಬಂಧದಲ್ಲಿ ಕೂಡ ನಿಮ್ಮಪ್ಪ 'ಮಾಹಿತಿದಾರ ೧'. ಅವರ ಫಾರಂ ಅವರಿಗೇ ಕೊಡಲು ಏನು ಅಡ್ಡಿ ಎಂದು ನೀನು ಕೇಳುವೆ, ನಾನೂ ಕೇಳಿದೆ. ಅರ್ಜಿ ಕೊಟ್ಟರೆ ಪರಿಶೀಲಿಸುತ್ತಾರಂತೆ. ಎಂಟರಿಂದ ಹತ್ತು ವಾರ.

ಅಫಿಡವಿಟ್ಟಿನ ಬಗ್ಗೆ ನಿಜ ಹೇಳುತ್ತೇನೆ. ನನ್ನ ಸಂಶೋಧನೆಯಿಂದ ಮಾತಾಡಿದವರಿಗೇ ಹಾನಿಯಾಯಿತು ಎಂದು ನಾನೇ ಸಹಿ ಹಾಕಿ ಕೊಟ್ಟರೆ, ಅದರ ಮೇಲೆ ಇಲ್ಲಿ ವಿಚಾರಣೆ ನಡೆಯುತ್ತದೆ, ಪ್ರಬಂಧವನ್ನು ತಡೆಹಿಡಿಯುತ್ತಾರೆ. ಜಿನೀವಾದ ಒಂದು ಸಂಸ್ಥೆಯಲ್ಲಿ ನನಗೆ ಕೆಲಸದ ಮಾತಾಗಿದೆ, ಅದು ಫಲಿತಾಂಶದ ಮೇಲೆ ನಿಂತಿದೆ. ಫೋನಿನಲ್ಲಿ ಅಪ್ಪನೂ, ಕೋರ್ಟು ಕಚೇರಿ ಕಾಗದದಲ್ಲಿ ನಮ್ಮ ಮನೆಯ ಹೆಸರು ಬರುವುದು ಬೇಡ ಎಂದರು. ನನಗೆ ಬೇಜಾರಿಲ್ಲವೆಂದು ತಿಳಿಯಬೇಡ.

ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಸಂಬಂಧಪಟ್ಟವರಿಗೆ ಎಂದು ಎರಡು ಪುಟ ಬರೆದು ಇಟ್ಟಿದ್ದೇನೆ. ಓದು ಬರದವರ ಒಪ್ಪಿಗೆಯನ್ನು ಹೇಗೆ ನೋಡಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಮಾನದಂಡಗಳೆಲ್ಲ ಅದರಲ್ಲಿವೆ. ಸಹಿ ಇಲ್ಲದಿದ್ದರೂ ವಿಷಯ ಗಟ್ಟಿಯಾಗಿದೆ, ವಕೀಲರಿಗೆ ಅನುಕೂಲವಾಗಬಹುದು.

ನಿನ್ನ,
ಸುಮನಾ


ಶೃಂಗೇರಿ
೩ ಅಕ್ಟೋಬರ್ ೨೦೦೭

ಸುಮನಾ,

ಸಹಿ ಇಲ್ಲದ ಎರಡು ಪುಟ ತಲುಪಿತು. ವಕೀಲರು ಓದಿ, ಇಂಗ್ಲಿಷ್ ಚೆನ್ನಾಗಿದೆ ಎಂದರು.

ಓದು ಬರದ ಮೂವತ್ತೊಂದು ಜನ ನಿನ್ನ ಮಾತು ನಂಬಿ ಹೆಬ್ಬೆಟ್ಟು ಒತ್ತಿದರು. ಎರಡು ಡಿಗ್ರಿ ಓದಿದ ನೀನು ನಿನ್ನದೇ ಮಾತಿಗೆ ಸಹಿ ಹಾಕಲು ಹೆದರುತ್ತೀ. ನಾಚಿಕೆಯಾಗುತ್ತದೆ ಸುಮನಾ, ನಿನ್ನ ಪರವಾಗಿ ನನಗೆ.

ಇನ್ನೂ ಹದಿನಾಲ್ಕು ದಿನ ಇದೆ. ಕೊರಿಯರಿನಲ್ಲಿ ಹಾಕಿದರೆ ಬರುತ್ತದೆ.

ಪವಿತ್ರಾ


ಇಂಗ್ಲೆಂಡ್
೧೫ ಅಕ್ಟೋಬರ್ ೨೦೦೭

ಪವಿ,

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಬೈದದ್ದು ಸರಿ, ನಾನು ವಾದಿಸುವುದಿಲ್ಲ. ಆದರೆ ಒಂದು ತಿಂಗಳು ತಡೆದುಕೋ. ನವೆಂಬರ್ ಕೊನೆಗೆ ಫಲಿತಾಂಶ. ಅದು ಕೈಗೆ ಬಂದ ದಿನವೇ ಸಹಿ ಹಾಕಿ ಕಳಿಸುತ್ತೇನೆ, ಅಮ್ಮನಾಣೆ. ಆ ಅಧಿಕಾರಿಯಿಂದ ಒಂದು ಮುಂದಿನ ದಿನಾಂಕ ತೆಗೆದುಕೊಳ್ಳಲು ಆಗುವುದಿಲ್ಲವೇ?

ಸುಮನಾ


ಶೃಂಗೇರಿ
೨೮ ಅಕ್ಟೋಬರ್ ೨೦೦೭

ಸುಮನಾ,

ಮುಂದಿನ ದಿನಾಂಕ ಸಿಗುತ್ತಿತ್ತು. ಅದನ್ನೇ ಬರೆಯಲು ಕೂತಿದ್ದೇನೆ.

ಹದಿನೇಳರಂದು ಬೆಳಗಿನ ಬಸ್ಸಿಗೆ ಮೂವತ್ತೊಂದು ಮನೆಯವರೂ ಬಂದರು. ಕೆರೆಕಟ್ಟೆಯಿಂದ ಶೃಂಗೇರಿಯವರೆಗೆ ಅಪ್ಪನ ಪಕ್ಕ ಕೂತು, ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿದೆ. ಬಾಳೆಹೊನ್ನೂರಿನ ಸೋಮನಾಥರ ಮಗಳು ಸುಮನಾ ಮೇ ತಿಂಗಳಲ್ಲಿ ಬಂದಿದ್ದಳು, ಅವಳ ಕಾಗದವೆಂದು ತಿಳಿದು ಒತ್ತಿದೆವು. ಅವನು ಹೂಂ ಹೂಂ ಎನ್ನುತ್ತ ಕಿಟಕಿಯಾಚೆ ನೋಡುತ್ತಿದ್ದ.

ಅಧಿಕಾರಿ ಕೆಟ್ಟವರೇನೂ ಅಲ್ಲ. ಆಕ್ಷೇಪಣೆಯನ್ನು ಪೂರ್ತಿ ಓದಿದರು. ಖಾಲಿ ಫಾರಂ ಹಿಡಿದು ನಾನು ಎದ್ದು ನಿಂತಾಗ, "ನೀನು ಒತ್ತಿದವಳಲ್ಲ, ಕೂತ್ಕೋಮ್ಮ. ಒತ್ತಿದವರು ಹೇಳಲಿ" ಎಂದರು. ಆಮೇಲೆ ಅಪ್ಪನಿಗೆ ನಿಧಾನವಾಗಿ ತಿಳಿಸಿ ಹೇಳಿದರು. ಮೊದಲ ಕಾಗದ ತಂದವರ ಹೆಸರು ಹೇಳಿ, ಬರೆದುಕೊಳ್ಳುತ್ತೇನೆ, ಅವರಿಗೆ ನೋಟಿಸು ಕಳಿಸುತ್ತೇನೆ, ಅವರು ಬಂದು ಉತ್ತರ ಕೊಡುವವರೆಗೆ ನಿಮ್ಮನ್ನು ಯಾರೂ ಎಬ್ಬಿಸುವಂತಿಲ್ಲ ಎಂದರು. ಅಂದರೆ ನಿನ್ನ ಸಹಿ ಕೂಡ ಬೇಕಿರಲಿಲ್ಲ. ಹೆಸರೊಂದು ಸಾಕಿತ್ತು.

ಅಪ್ಪ ಒಮ್ಮೆ ನನ್ನ ಕಡೆ ನೋಡಿದ. "ಯಾರೂ ಬರ್ಲಿಲ್ಲ ಸ್ವಾಮಿ" ಎಂದ. "ಓದ್ಸಿ ಕೇಳಿದ್ವಿ, ಒತ್ತಿದ್ವಿ."

ಅಧಿಕಾರಿ ಎರಡನೆಯ ಸಲ ಕೇಳಿದರು. ಅದೇ ಉತ್ತರ. ಆಮೇ‌ಲೆ ಒಬ್ಬೊಬ್ಬರನ್ನೇ ಕರೆದರು. ಉಳಿದ ಮೂವತ್ತು ಜನರೂ ಅದನ್ನೇ ಹೇಳಿದರು. ಹೇಳಿಕೆ ಬರೆದುಕೊಂಡು ಕೆಳಗೆ ಹೆಬ್ಬೆಟ್ಟು ತೆಗೆದುಕೊಂಡರು. ಅರ್ಜಿ ವಜಾ ಆಯಿತು.

ವಾಪಸು ಬರುವಾಗ ಕೆರೆಕಟ್ಟೆಯಲ್ಲಿ ಬಸ್ಸು ಇಳಿದ ಮೇಲೆ, ಯಾಕಪ್ಪ ಹೀಗೆ ಮಾಡಿದೆ ಎಂದು ಕೇಳಿದೆ. ಅವನು ರಸ್ತೆ ಪಕ್ಕದ ಮೋರಿಯ ಮೇಲೆ ಕೂತು ಹೇಳಿದ. "ನಿಮ್ಮ ಹೆಸ್ರು ಯಾರ ಮುಂದೂ ಹೇಳಲ್ಲ ಅಂತ ಆ ಹುಡ್ಗಿ ನಮ್ಮ ಜಗ್ಲಿ ಮೇಲೆ ಕೂತು ಮಾತು ಕೊಟ್ಟಿತ್ತು. ಇಷ್ಟು ದಿನ ಆಯ್ತು, ಹೇಳ್ಲಿಲ್ಲ ಅಲ್ದಾ? ಮತ್ತೆ ನಾವು ಅದ್ರ ಹೆಸ್ರು ಕಚೇರೀಲಿ ಹೇಳೂದು ಹ್ಯಾಂಗೆ? ಮಾತು ಅಂದ್ರೆ ಎರಡೂ ಕಡೆದು ಮಗಾ." ಹಿಂದಿನ ದಿನವೇ ಎಲ್ಲರೂ ಸೇರಿ ಹೀಗೆ ತೀರ್ಮಾನ ಮಾಡಿದ್ದರಂತೆ. ನಾನು ಒಪ್ಪುವುದಿಲ್ಲವೆಂದು ನನಗೆ ಹೇಳಿರಲಿಲ್ಲ.

ಅವತ್ತು ಅಪ್ಪನ ಮೇಲೆ ಬಂದಷ್ಟು ಸಿಟ್ಟು ನಿನ್ನ ಮೇಲೂ ಬಂದಿಲ್ಲ. ಈಗ ಆ ಸಿಟ್ಟೂ ಇಲ್ಲ. ಊರಿನಲ್ಲಿ ಹಂಚು ಇಳಿಸಲು ಶುರು ಮಾಡಿದ್ದಾರೆ. ಅಮ್ಮ ನಡೆಯಲಾರದ ಕಾರಣ ನಮ್ಮ ಮನೆ ಕೊನೆಗೆ.

ನೀನು ಸಹಿ ಹಾಕಲು ಒಪ್ಪಲಿಲ್ಲ ಎಂಬುದು ಅಪ್ಪನಿಗೆ ಗೊತ್ತಿಲ್ಲ. ನೀನು ಕಳಿಸಿದ್ದೀ, ದೂರದ ಟಪಾಲು, ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ ಎಂದು ವಿಚಾರಣೆ ಮುಗಿದ ಮೇಲೆ ನಾನು ಹೇಳಿದ್ದೇನೆ. ಅವನು ನಂಬಿದ್ದಾನೆ. ಆದ್ದರಿಂದ ನವೆಂಬರಿನಲ್ಲಿ ಏನನ್ನೂ ಕಳಿಸಬೇಡ. ಬಂದರೆ ಅದರ ಮೇಲಿನ ತಾರೀಕನ್ನು ಅವನಿಗೆ ಓದಿ ಹೇಳಬೇಕಾದವಳು ನಾನು.

ಪವಿತ್ರಾ